ಚೌಡೇಶನ ಕೈಗೆ ಒಂದೇ ಕಡ್ಡಿ

ಸೇಡಂನ ಲಕ್ಷ್ಮೀಬಾಯಿಯವರ ಮನೆಗೆ ಮೊಬೈಲು ಬಂದದ್ದು ೨೦೦೫ರ ದೀಪಾವಳಿಯ ದಿನ. ಅದನ್ನು ಯಾರೂ ಕೈಯಿಂದ ಮುಟ್ಟಕೂಡದೆಂಬ ಕಾಯಿದೆ ಬಂದದ್ದು ಮರುದಿನ ಬೆಳಿಗ್ಗೆ. ಫೋನು ತಂದವಳು ಮೊಮ್ಮಗಳು ಶ್ರೀವಾಣಿ. ಗುಲ್ಬರ್ಗಾದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ರೈಲಿನಲ್ಲಿ ಯಾರ್ಯಾರದೋ ಭುಜ, ಬುಟ್ಟಿ, ಬೆವರು ತಾಗಿಸಿಕೊಂಡು ಬಂದ ಫೋನು ಮಡಿ ಮನೆಯಲ್ಲಿ ಅಡ್ಡಾಡಿದರೆ ಲಕ್ಷ್ಮೀಬಾಯಿಯವರು ಸುಮ್ಮನಿರುತ್ತಾರೆಯೇ?

"ಪಡಸಾಲ್ಯಾಗ ಮಣಿ ಮ್ಯಾಲ ಇಡು ಅದನ್ನ. ಮಾತಾಡೋದಿದ್ರ ದೂರ ಕೂತು ಮಾತಾಡು. ಮುಟ್ಟಿದಿ ಅಂದ್ರ ಸ್ನಾನ ಮಾಡಿ ಅಡಿಗಿಮನಿಗೆ ಬಾ," ಎಂದರು.

"ಅಜ್ಜಿ, ಅದು ನನ್ನ ಪ್ರಾಜೆಕ್ಟಿನ ಫೋನದ. ದಿನಾ ಹತ್ತ ಸಲ ಮುಟ್ಟಬೇಕಾಗ್ತದ."

"ಹತ್ತ ಸಲ ಸ್ನಾನ ಮಾಡು. ಬ್ಯಾಡಂದೋರು ಯಾರು?"

ಹತ್ತು ಸಲ ಸ್ನಾನ ಮಾಡಿದರೆ ಪ್ರಾಜೆಕ್ಟು ಉಳಿದೀತು, ಶ್ರೀವಾಣಿ ಉಳಿಯಲಾರಳು. ಹಾಗಾಗಿ ಅವಳು ಒಂದು ಉಪಾಯ ಹೂಡಿದಳು. ಫೋನು ಮಣೆಯ ಮೇಲೆ, ತಾನು ಎರಡು ಮೊಳ ದೂರ, ಗುಂಡಿ ಒತ್ತುವುದು ಪೆನ್ಸಿಲಿನ ಹಿಂಭಾಗದಿಂದ, ಮಾತಾಡುವುದು ಸ್ಪೀಕರಿನಲ್ಲಿ. ಒಂದು ವಾರದಲ್ಲಿ ಮನೆಮಂದಿಗೆಲ್ಲ ಅದೇ ರೂಢಿಯಾಯಿತು. ಅಪ್ಪನಂತೂ ಫೋನಿನ ಮುಂದೆ ಕೈಮುಗಿದುಕೊಂಡೇ ಕೂಡುತ್ತಿದ್ದರು.

ಆ ಫೋನು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅದರ ಹೊಟ್ಟೆ ಬಗೆದು ಕಂಪನಿಯವರು ಇಟ್ಟಿದ್ದ ಆಂಟೆನಾ ಕಿತ್ತು, ಆ ಜಾಗದಲ್ಲಿ ಶ್ರೀವಾಣಿ ತಾನೇ ಲೆಕ್ಕ ಹಾಕಿ ಮಾಡಿಸಿದ ತಾಮ್ರದ ತಗಡು ಕೂಡಿಸಿದ್ದಳು. ಆಗ ಊರಿನಲ್ಲಿ ಎರಡು ಕಂಪನಿಗಳ ಟವರು. ಒಂದು ಒಂಬೈನೂರು ಮೆಗಾಹರ್ಟ್ಸಿನಲ್ಲಿ ಮಾತಾಡುತ್ತಿತ್ತು, ಇನ್ನೊಂದು ಸಾವಿರದ ಎಂಟುನೂರರಲ್ಲಿ. ಈ ಎರಡೂ ಅಲೆಗಳನ್ನು, ಅವಳ ಭಾಷೆಯಲ್ಲಿ ಬ್ಯಾಂಡುಗಳನ್ನು, ಒಂದೇ ತಗಡು ಹಿಡಿಯಬೇಕು, ತಗಡು ಬೆಂಕಿಪೊಟ್ಟಣಕ್ಕಿಂತ ದೊಡ್ಡದಾಗಕೂಡದು. ಇದು ಅವಳ ಎಂ.ಟೆಕ್. ವಿಷಯ. ಮಾರ್ಚ್ ಇಪ್ಪತ್ತಕ್ಕೆ ಹೈದರಾಬಾದಿನಿಂದ ಪರೀಕ್ಷಕರು ಬರುವವರಿದ್ದರು. ಅವರು ಪಾಸು ಮಾಡಿದರೆ ಎಂ.ಟೆಕ್., ಎಂ.ಟೆಕ್. ಆದರೆ ನೌಕರಿ ಕಾಯಂ. ಆಗದಿದ್ದರೆ ಜೂನ್ ತಿಂಗಳಲ್ಲಿ ಅವಳ ಕುರ್ಚಿಯಲ್ಲಿ ಬೇರೆಯವರು. ಐದು ವರ್ಷ ಹಂಗಾಮಿ ಎಂಬ ಹೆಸರು ಹೊತ್ತು ಅವಳಿಗೆ ಸಾಕಾಗಿ ಹೋಗಿತ್ತು.

ತಗಡು ಕತ್ತರಿಸಿಕೊಡುತ್ತಿದ್ದವನು ಶಹಾಬಾದಿನ ಗುಲಾಮ ದಸ್ತಗೀರ. ಮದುವೆಗಳಲ್ಲಿ ಬ್ಯಾಂಡು ಬಾರಿಸುವ ತಂಡ ಅವನದು. ಮದುವೆಯಿಲ್ಲದ ತಿಂಗಳಲ್ಲಿ ತುತ್ತೂರಿ, ಕಹಳೆಗಳ ತೂತು ಬೆಸೆಯುವುದು ಅವನ ಕಸುಬು. ಕೂದಲೆಳೆಯಷ್ಟು ಸೀಳನ್ನೂ ನೇರವಾಗಿ ಕೊರೆಯುವ ಕೈ ಅದು. ಮೊದಲ ದಿನ ಶ್ರೀವಾಣಿ, "ಚಾಚಾ, ಒಂದ ತಗಡಿನ್ಯಾಗ ಎರಡು ಬ್ಯಾಂಡ್ ಬೇಕು," ಎಂದಾಗ ಆತ ಕತ್ತರಿ ಕೆಳಗಿಟ್ಟಿದ್ದ.

"ಎರಡ್ ಬ್ಯಾಂಡ್ ಒಂದ ಲಗ್ನಕ್ಕ ಬಂದ್ರ ಹೊಡದಾಟ ಆಗ್ತದ ಬೇಟಿ. ಮೂವತ್ತು ವರ್ಷ ನೋಡೀನಿ."

ಬ್ಯಾಂಡೆಂದರೆ ಆ ಬ್ಯಾಂಡಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಆದರೆ ಒಂದು ತಿಂಗಳು ತಗಡಿನ ಜೊತೆ ಗುದ್ದಾಡಿದ ಮೇಲೆ ಅವನು ಹೇಳಿದ್ದೇ ಖರೆ ಎನಿಸಿತು. ಒಂಬೈನೂರಕ್ಕೆ ಸರಿಮಾಡಿದರೆ ಸಾವಿರದ ಎಂಟುನೂರು ಎತ್ತಲೋ ಓಡುತ್ತಿತ್ತು. ಅದನ್ನು ಎಳೆದು ತಂದು ಕೂಡಿಸಿದರೆ ಇದು ಮುನಿಸಿಕೊಂಡು ಏಳುತ್ತಿತ್ತು. ಕಡೆಗೆ ಜನವರಿಯಲ್ಲಿ, ಏಳನೆಯ ತಗಡಿನ ನಡುವೆ ಒಂದು ಡೊಂಕು ಸೀಳು ಕೊರೆದ ಮೇಲೆ ಎರಡೂ ಒಂದೇ ಮನೆಯಲ್ಲಿ ಬಾಳ್ವೆ ಮಾಡಲು ಒಪ್ಪಿದವು. ಮಣೆಯ ಮೇಲೆ ಕೂತ ಫೋನಿನ ಪರದೆಯಲ್ಲಿ, ಯಾವ ಕಂಪನಿಯ ಸಿಮ್ಮು ಹಾಕಿದರೂ ಸಿಗ್ನಲಿನ ನಾಲ್ಕು ಕಡ್ಡಿ ನೆಟ್ಟಗೆ ನಿಂತಿದ್ದವು. ಕಾಲೇಜಿನ ಪ್ರಯೋಗಾಲಯದಲ್ಲೂ ಅದನ್ನು ಬಿಳಿ ಥರ್ಮಕೋಲಿನ ತುಂಡಿನ ಮೇಲಿಟ್ಟು, ಎಲ್ಲರೂ ದೂರ ಸರಿದು ನಿಂತು ಅಳೆದರು. ಅಂಕಿಗಳು ಅಚ್ಚುಕಟ್ಟಾಗಿ ಬಂದವು. ಮಡಿ ಲಕ್ಷ್ಮೀಬಾಯಿಯವರ ಸ್ವತ್ತು ಎಂದುಕೊಂಡರೆ ತಪ್ಪು. ಓದಿದವರಲ್ಲೂ ಅದು ಬೇರೆ ಹೆಸರಿನಲ್ಲಿ ನಡೆಯುತ್ತದೆ.

ಫೆಬ್ರುವರಿ ಮೊದಲ ವಾರ ಮಾರ್ಗದರ್ಶಕರಾದ ವಿಠ್ಠಲರಾಯರು ಒಳಗಿನ ಪರೀಕ್ಷೆ ಇಟ್ಟುಕೊಂಡರು. ರಾಯರು ಸೇಡಂನವರೇ, ಶ್ರೀವಾಣಿಯ ಅಪ್ಪನ ಕಡೆಯಿಂದ ದೂರದ ನೆಂಟರು. ಹಾಗೆಂದು ಅಂಕ ಹೆಚ್ಚು ಕೊಡುವ ಜಾತಿಯಲ್ಲ. ಶ್ರೀವಾಣಿ ಮೇಜಿನ ಮೇಲೆ ಫೋನಿಟ್ಟು ಪೆನ್ಸಿಲಿನಿಂದ ಗುಂಡಿ ಒತ್ತಿ ತೋರಿಸಿದಳು. ನಾಲ್ಕು ಕಡ್ಡಿ. ರಾಯರು "ಬೇಷ್" ಎಂದು ಫೋನನ್ನು ಕೈಗೆತ್ತಿಕೊಂಡರು. ಒಂದು ಕಡ್ಡಿ.

ಕೆಳಗಿಟ್ಟರು, ನಾಲ್ಕು. ಎತ್ತಿದರು, ಒಂದು. ಮೂರನೆಯ ಸಲ ಎತ್ತಿದಾಗ ಅದೂ ಹೋಯಿತು.

"ಏನವಾ ಇದು? ನಿನ್ನ ಆಂಟೆನಾ ಮಡಿ ಉಟ್ಟದೇನು?"

ಮೂರು ತಿಂಗಳಿಂದ ಆ ಫೋನನ್ನು ಒಬ್ಬ ನರಮನುಷ್ಯನೂ ಕೈಯಲ್ಲಿ ಹಿಡಿದು ಕಡ್ಡಿ ಎಣಿಸಿರಲಿಲ್ಲ. ಕೈಯೆಂದರೆ ನೀರು, ಉಪ್ಪು, ಮಾಂಸ. ತಗಡಿನ ಹತ್ತಿರ ಬಂದರೆ ಅದರ ಶ್ರುತಿ ಕೆಡುತ್ತದೆ, ಅಲೆಯನ್ನು ಅರ್ಧ ತಾನೇ ಕುಡಿದುಬಿಡುತ್ತದೆ. ಇದನ್ನು ಅವಳು ತರಗತಿಯಲ್ಲಿ ಮಕ್ಕಳಿಗೆ ಬರೆಸಿದ್ದಳು ಕೂಡ. ಬರೆಸುವುದಕ್ಕೂ ಬದುಕುವುದಕ್ಕೂ ನಡುವೆ ಅಜ್ಜಿಯ ಮಣೆ ಬಂದು ಕೂತಿತ್ತು.

"ಫೋನ್ ಯಾರೂ ಮಣಿ ಮ್ಯಾಲ ಇಟ್ಟು ಪೂಜಿ ಮಾಡಂಗಿಲ್ಲ. ಕೈಯಾಗ ಹಿಡೀತಾರ," ಎಂದರು ರಾಯರು. "ಒಂದೂವರಿ ತಿಂಗಳದ. ಕೈಗಳ ಲೆಕ್ಕ ತಗೊಂಡು ಬಾ. ಇಲ್ಲಂದ್ರ ಆ ಹೈದರಾಬಾದಿನಾಂವ ನಿನ್ನ ಸುಮ್ಮನ ಬಿಡಂಗಿಲ್ಲ."

ಕೈ ಎಲ್ಲಿಂದ ತರುವುದು? ಮನೆಯಲ್ಲಿ ಅಜ್ಜಿ ಬಿಡುವುದಿಲ್ಲ. ಕಾಲೇಜಿನ ಹುಡುಗರದ್ದೆಲ್ಲ ಪೆನ್ನು ಹಿಡಿದ ಮೆತ್ತನೆಯ ಕೈ. ಆಗ ಅವಳಿಗೆ ಹೊಳೆದದ್ದು ಬೆಳಗಿನ ಪ್ಯಾಸೆಂಜರ್ ಗಾಡಿ. ಸೇಡಂನಿಂದ ಚಿತ್ತಾಪುರ, ವಾಡಿ, ಶಹಾಬಾದ್ ದಾಟಿ ಗುಲ್ಬರ್ಗಾ ಮುಟ್ಟುವುದರೊಳಗೆ ಎಂತೆಂಥ ಕೈಗಳು! ತೊಗರಿ ಕೊಯ್ದ ಕೈ, ಸಿಮೆಂಟು ಮೆತ್ತಿದ ಕೈ, ಮಿರ್ಚಿ ಬಜ್ಜಿಯ ಎಣ್ಣೆ ಕೈ, ನೆಲಕ್ಕೆ ಹಾಸುವ ಫರಸಿ ಕಲ್ಲು ಉಜ್ಜಿ ಸವೆದ ಕೈ. ರಾಯರ ಮಾತಿನ ಮೇಲೆ ಅವಳು ತಗಡನ್ನು ತುಸು ಮೇಲಕ್ಕೆ ಸರಿಸಿ, ಅದರ ಕೆಳಗಿನ ಹಲಗೆ ಬದಲಿಸಿ, ಎಂಟನೆಯ ತಗಡಿನ ಫೋನು ತಯಾರು ಮಾಡಿಕೊಂಡು, ಒಂದು ಉದ್ದನೆಯ ನೋಟ್‌ಬುಕ್ಕು ಹಿಡಿದು ಗಾಡಿ ಹತ್ತಿದಳು.

ಗಾಡಿ ವಾಡಿ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಲ್ಲುತ್ತಿತ್ತು. ಆಗ ಎದುರಿಗೆ ಕೂತವರನ್ನು ಕೇಳುತ್ತಿದ್ದಳು: "ಒಂದ್ ನಿಮಿಷ ಇದನ್ನ ಕೈಯಾಗ ಹಿಡೀರಿ." ಹಿಡಿದವರ ಹೆಸರು, ಊರು, ಕೈ ಒಣಗಿದ್ದೋ ಹಸಿಯೋ, ಎಷ್ಟು ಕಡ್ಡಿ ಎಂದು ಬರೆದುಕೊಳ್ಳುವಳು. ಮೊದಲ ದಿನ ಹಿಡಿದವಳು ದಂಡೋತಿಯ ಭೀಮಮ್ಮ. ಕಾಗಿಣಾ ಹೊಳೆ ದಂಡೆಯ ಮನೆತನ. ಶಹಾಬಾದ್ ಪೇಟೆಯಲ್ಲಿ ಸೊಪ್ಪು ಮಾರುವಾಕೆ.

"ನಾಕು ಕಡ್ಡಿ!" ಎಂದು ಶ್ರೀವಾಣಿ ಸಂತೋಷದಿಂದ ಕೂಗಿಯೇಬಿಟ್ಟಳು. ಎಂಟನೆಯ ತಗಡು ಕೈಯಲ್ಲೂ ಉಸಿರಾಡುತ್ತಿತ್ತು.

"ಛೊಲೋ ಏನ್ರಿ ಬಾಯಾರ?"

"ಭಾಳ ಛೊಲೋ."

ಇಷ್ಟೇ ಆಗಿದ್ದು. ಆದರೆ ಓದಿದ ಹೆಣ್ಣುಮಗಳೊಬ್ಬಳು ಕೈ ಹಿಡಿಸಿ, ಪರದೆ ನೋಡಿ, ಹೆಸರು ಊರು ಬರೆದುಕೊಂಡು, ಭಾಳ ಛೊಲೋ ಅಂದಳೆಂದರೆ ಅದಕ್ಕೆ ಭವಿಷ್ಯ ಅನ್ನದೆ ಮತ್ತೇನನ್ನುತ್ತಾರೆ? ಆ ದಿನ ಭೀಮಮ್ಮನ ಸೊಪ್ಪು ಹತ್ತು ಗಂಟೆಗೇ ತೀರಿತು. ಮರುದಿನ ವಾಡಿಯಲ್ಲಿ ಅವಳ ಬೋಗಿಯ ಮುಂದೆ ಹನ್ನೊಂದು ಜನ ಅಂಗೈ ಒರೆಸಿಕೊಂಡು ನಿಂತಿದ್ದರು.

"ಇದು ಟವರ್ ಹುಡುಕ್ತದ್ರಿ, ಹಣೆಬರಹ ಅಲ್ಲ," ಎಂದು ಶ್ರೀವಾಣಿ ಗಂಟಲು ಹರಿಯುವಂತೆ ಹೇಳಿದಳು.

"ಎರಡೂ ಮ್ಯಾಲ ಅದಾವಲ್ರಿ," ಎಂದ ಒಬ್ಬ.

ಚಿತ್ತಾಪುರದ ಭೀಮಶಾ ಎಂಬ ಮುದುಕ ಎಮ್ಮೆ ಕಳೆದುಕೊಂಡಿದ್ದ. ಕೇಳಿದ, ಎಮ್ಮೆ ಯಾವ ದಿಕ್ಕಿಗೆ ಹೋಗಿದೆಯೆಂದು. ಇದಕ್ಕೆ ಎಮ್ಮೆ ತಿಳಿಯುವುದಿಲ್ಲ ಎಂದಳು. ಮುದುಕ ಬಿಡಲಿಲ್ಲ, ಫೋನು ಹಿಡಿದುಕೊಂಡು ಬೋಗಿಯ ನಡುವೆ ಒಂದು ಸುತ್ತು ತಿರುಗಿದ. ಮಳಖೇಡದ ಕಡೆಗೆ ಮುಖ ಮಾಡಿದಾಗ ಮೂರಿದ್ದದ್ದು ನಾಲ್ಕಾಯಿತು. ಅಲ್ಲೇ ಇಳಿದು ಹೋದ. ಸಂಜೆಗೆ ಮಳಖೇಡದ ಹತ್ತಿರ ಯಾರದೋ ಜೋಳದ ಹೊಲದಲ್ಲಿ ಎಮ್ಮೆ ಸಿಕ್ಕಿತು. ಸಿಗಬಾರದಿತ್ತು, ಆದರೆ ಸಿಕ್ಕಿತು. ಅಲ್ಲಿಗೆ ಶ್ರೀವಾಣಿಯ ಮಾತಿಗೆ ಇದ್ದಷ್ಟೂ ಬೆಲೆ ಹೋಯಿತು.

ಸುಳ್ಳು ಹೇಳಬಾರದು, ಅವಳಿಗೆ ಒಳಗೊಳಗೆ ಹಿಗ್ಗೂ ಇತ್ತು. ಎರಡು ವಾರದಲ್ಲಿ ತೊಂಬತ್ತು ಕೈ! ಯಾವ ದೊಡ್ಡ ಪ್ರಯೋಗಾಲಯಕ್ಕೆ ಇಷ್ಟು ಕೈ ಸಿಕ್ಕಾವು? ಮೂರು ಕಡ್ಡಿ, ನಾಲ್ಕು ಕಡ್ಡಿ, ಒದ್ದೆ ಕೈಗೂ ಮೂರು. ಆಂಟೆನಾ ಗೆದ್ದಿತು ಎಂದೇ ತಿಳಿದಿದ್ದಳು. ಆಗ ಭೀಮಮ್ಮ ತನ್ನ ಮಗ ಚೌಡೇಶನನ್ನು ಕರೆತಂದಳು. ಇಪ್ಪತ್ತಾರರ ಎತ್ತರದ ಆಳು, ಶಹಾಬಾದಿನಲ್ಲಿ ಫರಸಿಗೆ ಪಾಲಿಶ್ ಹಾಕುವ ಕೆಲಸ, ಮಾತು ಕಮ್ಮಿ. ತಾಯಿಯ ಬಲವಂತಕ್ಕೆ ಫೋನು ಹಿಡಿದ.

ಒಂದು ಕಡ್ಡಿ.

ಸಿಮ್ಮು ಬದಲಿಸಿದಳು. ಅದೂ ಒಂದೇ. ಶ್ರೀವಾಣಿಗೆ ಅರಿವಿಲ್ಲದೆಯೇ ಬಾಯಿಂದ "ಚ್ಚ್" ಎಂದು ಹೊರಟಿತು. ತಲೆ ಅಲ್ಲಾಡಿಸಿ ಬರೆದುಕೊಂಡಳು: ತೊಂಬತ್ತೊಂದು, ಚೌಡೇಶ, ದಂಡೋತಿ, ಒಂದು.

ಆ "ಚ್ಚ್" ಎಷ್ಟು ದೂರ ಹೋಯಿತೆಂಬುದು ಅವಳಿಗೆ ತಿಳಿದದ್ದು ಐದು ದಿನದ ಮೇಲೆ. ಭೀಮಮ್ಮ ಸೊಪ್ಪಿನ ಬುಟ್ಟಿಯಿಲ್ಲದೆ, ಬರಿಗೈಯಲ್ಲಿ ಬಂದು ಅವಳ ಎದುರು ಕೂತಳು.

"ನನ್ ಮಗನ ಲಗ್ನ ಮುರೀತ್ರಿ ಬಾಯಾರ."

ಚೌಡೇಶನಿಗೆ ಕುರಕುಂಟಾದ ತಮ್ಮಣ್ಣನ ಮಗಳು ಶ್ರುತಿಯನ್ನು ಗೊತ್ತುಮಾಡಿದ್ದರು. ಎಲೆ ಅಡಿಕೆ ಬದಲಾಯಿಸಿ ಆಗಿತ್ತು. ಯಾರೋ ಹೋಗಿ ತಮ್ಮಣ್ಣನ ಕಿವಿಗೆ ಊದಿದರು: ನಿನ್ನ ಅಳಿಯನಾಗುವವನ ಕೈಗೆ ಒಂದೇ ಕಡ್ಡಿಯಂತೆ, ಪಾಠ ಹೇಳುವ ಬಾಯಿಯವರೇ ಚ್ಚ್ ಅಂದರಂತೆ. ತೊಂಬತ್ತು ಮಂದಿಯಲ್ಲಿ ಇಲ್ಲದ್ದು ಇವನೊಬ್ಬನಿಗೇ ಇದೆಯೆಂದರೆ ಸುಮ್ಮನೆ ಇದ್ದೀತೇ?

ಶ್ರೀವಾಣಿ ಮರುದಿನವೇ ತಮ್ಮಣ್ಣನನ್ನು ಗಾಡಿಯಲ್ಲಿ ಹಿಡಿದಳು. ಬಿಳಿ ಟೋಪಿ, ಮಾತಿಗೆ ಮುಂಚೆ ಒಂದು ಕೆಮ್ಮು; ದೊಡ್ಡ ಮರ್ಯಾದಸ್ಥ. ಅವಳಿಗೆ ಕಿಟಕಿಯ ಕಡೆ ಜಾಗ ಬಿಟ್ಟುಕೊಟ್ಟ.

"ಅದು ಆಂಟೆನಾದ ತಪ್ಪರಿ, ಅವರ ಕೈದಲ್ಲ," ಎಂದಳು.

"ತೊಂಬತ್ತು ಮಂದಿಗಿ ಸರಿ ಇತ್ತಲ್ರಿ ಆಂಟೆನಾ?"

"ಹೌದರಿ, ಆದ್ರ..."

"ನೀವು ಬರಕೊಂಡೀರೋ ಇಲ್ಲೋ?"

"ಬರಕೊಂಡೀನಿ."

"ನೀವು ಓದಿದವರು. ನೀವ ಬರದದ್ದು ನೀವ ಸುಳ್ಳಂದ್ರ, ಓದಲಾರದ ನಾವು ಯಾರ್ನ ನಂಬೂಣ್ರಿ?" ಎಂದು ತಮ್ಮಣ್ಣ ಬಹಳ ನಯವಾಗಿ ಕೇಳಿದ. "ನಿಮ್ಮ ಪುಸ್ತಕದಾಗ ನಾಕ ಅಂತ ಬರೀರಿ, ನಾಳೆ ಲಗ್ನ ಮಾಡಿಕೊಡ್ತೀನಿ. ಸುಳ್ಳ ಬರೀಬ್ಯಾಡ್ರಿ ಮತ್ತ. ನಾ ಖುದ್ದ ನಿಂತು ನೋಡಾಂವ."

ಹಾಗಾದರೆ ಪರೀಕ್ಷಕರ ಮುಂದೆಯೇ ಚೌಡೇಶನ ಕೈ ನೋಡಲು ಬನ್ನಿ ಎಂದು ಶ್ರೀವಾಣಿ ಅವನನ್ನು ಮಾರ್ಚ್ ಇಪ್ಪತ್ತಕ್ಕೆ ಕಾಲೇಜಿಗೆ ಕರೆದಳು. ಅಂದಿನಿಂದ ಮಾರ್ಚ್ ಇಪ್ಪತ್ತು ಎಂದರೆ ಅವಳಿಗೆ ಎಂ.ಟೆಕ್ಕೊಂದೇ ನೆನಪಾಗುತ್ತಿರಲಿಲ್ಲ. ತನ್ನ ನೌಕರಿ ಹೋದರೆ ಇನ್ನೊಂದು ಹುಡುಕಬಹುದು. ತನ್ನ ನಾಲಿಗೆ ಮಾಡಿದ ಒಂದು ಸದ್ದಿಗೆ ಇನ್ನೊಬ್ಬರ ಸಂಸಾರ ಮುರಿದರೆ ಆ ಪಾಪ ತೊಳೆಯುವ ಹೊಳೆ ಯಾವುದು? ರಾತ್ರಿ ಅಜ್ಜಿಗೆ ಹೇಳಿದಳು. ಲಕ್ಷ್ಮೀಬಾಯಿಯವರು ಪೂರ್ತಿ ಕೇಳಿಸಿಕೊಂಡು, "ಅದಕ್ಕ ಹೇಳಿದ್ದೆ, ಯಾರೂ ಮುಟ್ಟಬಾರದು ಅಂತ," ಎಂದರು.

ಮರುದಿನ ಕಾಲೇಜಿಗೆ ರಜೆ ಹಾಕಿ ಶಹಾಬಾದಿನಲ್ಲಿ ಇಳಿದಳು. ಪಾಲಿಶ್ ಅಂಗಳದಲ್ಲಿ ಯಂತ್ರಗಳು ಕಿರುಚುತ್ತಿದ್ದವು, ಎಲ್ಲೆಲ್ಲೂ ಬೂದು ಬಣ್ಣದ ಕೆಸರುನೀರು. ಚೌಡೇಶ ಕೈ ತೊಳೆದು, ಒರೆಸಿಕೊಂಡು ಬಂದ. ಅವಳ ಮೇಲೆ ಸಿಟ್ಟಿರಬಹುದೆಂದುಕೊಂಡಿದ್ದಳು. ಅವನಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ಅದನ್ನು ನೋಡಿ ಅವಳಿಗೆ ಇನ್ನಷ್ಟು ಸಂಕಟವಾಯಿತು.

"ಇನ್ನೊಂದ್ ಸಲ ಹಿಡೀರಿ ಚೌಡೇಶ," ಎಂದು ಫೋನು ಚಾಚಿದಳು.

ಅವನು ಹಿಡಿದ. ಒಂದು ಕಡ್ಡಿ. ಈ ಸಲ ಅವಳು ಪರದೆ ಬಿಟ್ಟು ಕೈ ನೋಡಿದಳು.

"ಎಡಗೈಯಾಗ ಹಿಡದೀರಲ್ಲ!"

ಚೌಡೇಶ ಫೋನನ್ನು ಬೆಂಕಿ ಮುಟ್ಟಿದಂತೆ ಬಲಗೈಗೆ ದಾಟಿಸಿದ. ಆಚೀಚೆ ನೋಡಿ ದನಿ ತಗ್ಗಿಸಿದ. "ಯಾರಿಗೂ ಹೇಳಬ್ಯಾಡ್ರಿ. ನಾ ಎಡಚ ಇದೀನಿ. ಸಣ್ಣಾಂವ ಇದ್ದಾಗ ಅವ್ವ ಹೊಡದು ಹೊಡದು ಉಣ್ಣೋದು ಬಲಗೈಲೆ ರೂಢಿ ಮಾಡ್ಯಾಳ. ಉಳದದ್ದೆಲ್ಲ ಎಡಗೈನ. ತಮ್ಮಣ್ಣ ಕಾಕಾಗ ಗೊತ್ತಾಯ್ತಂದ್ರ ಕಡ್ಡಿ ಇರಲಿ, ಮನಿ ಬಾಗಿಲಿಗಿ ಸುದ್ದ ಕರಿಯಂಗಿಲ್ಲ."

ಅವನ ಬಲಗೈಯಲ್ಲಿ ಫೋನು ನಾಲ್ಕು ಕಡ್ಡಿ ತೋರಿಸುತ್ತಿತ್ತು.

ಶ್ರೀವಾಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತೊಂಬತ್ತು ಮಂದಿಯೂ ಬಲಗೈಯಲ್ಲೇ ಹಿಡಿದಿದ್ದರು. ಹಿರಿಯರ ಸಾಮಾನು, ಅದರಲ್ಲೂ ಬಾಯಿಯವರದು, ಎಡಗೈಯಿಂದ ಯಾರು ತಗೊಂಡಾರು? ನೋಟ್‌ಬುಕ್ಕಿನಲ್ಲಿ ಹಸಿ, ಒಣ, ಎಣ್ಣೆ, ಸಿಮೆಂಟು ಎಂದು ಎಂಟು ಕಾಲಂ ಗೀಚಿದ್ದಳು. ಯಾವ ಕೈ ಎಂಬ ಕಾಲಂ ಮಾತ್ರ ಅವಳಿಗೂ ಹೊಳೆದಿರಲಿಲ್ಲ. ಎಡಗೈಯೂ ಒಂದು ಕೈ ಎಂಬುದು ಆ ಮನೆಯಲ್ಲಿ ಬೆಳೆದವಳಿಗೆ ಹೇಗೆ ಹೊಳೆಯಬೇಕು?

"ಪರೀಕ್ಷಿ ದಿನ ಬಲಗೈಲೆ ಹಿಡೀತೀನ್ರಿ," ಎಂದ ಚೌಡೇಶ ಆಸೆಯಿಂದ. "ನಾಕ್ ಬರ್ತಾವ. ನಿಮ್ಮ ಕೆಲಸನೂ ಆಗ್ತದ, ನಂದೂ ಆಗ್ತದ."

ಒಂದು ಗಳಿಗೆ ಅವಳ ಮನಸ್ಸು ಜಾರಿತು. ಎಷ್ಟು ಸುಲಭ! ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅವನು ಆ ಬಲಗೈಯಲ್ಲಿ ಫೋನು ಹಿಡಿದ ರೀತಿ ನೋಡಿದಳು, ಬೇರೆಯವರ ಕೂಸನ್ನು ಎತ್ತಿಕೊಂಡವನ ಹಾಗೆ. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಬ್ಯಾಡ," ಎಂದಳು. "ನಿಮ್ಮ ಕೈಗಿ ಏನೂ ಆಗಿಲ್ಲ. ಬದಲಾಗಬೇಕಾದ್ದು ನನ್ನ ತಗಡು."

ನೆಟ್ಟಗೆ ಗುಲಾಮ ದಸ್ತಗೀರನ ಅಂಗಡಿಗೆ ಹೋದಳು. ಫೋನನ್ನು ಎಡಗೈಯಲ್ಲಿ ಹಿಡಿದರೆ ತೋರುಬೆರಳು ಎಲ್ಲಿ ಬೀಳುತ್ತದೆಂದು ಮಸಿ ಹಚ್ಚಿ ನೋಡಿದಳು. ತಗಡಿನ ಬಿಚ್ಚಿದ ತುದಿ ಇರುವ ಮೂಲೆಗೆ ಬರೋಬ್ಬರಿ ಬೀಳುತ್ತಿತ್ತು. ಆ ತುದಿಯೇ ತಗಡಿನ ಪ್ರಾಣ. ಅಲೆ ಹೊರಡುವುದು ಹೆಚ್ಚಾಗಿ ಅಲ್ಲಿಂದಲೇ. ದಸ್ತಗೀರನಿಗೆ ಇದನ್ನು ವಿವರಿಸಬೇಕಾಗಲಿಲ್ಲ.

"ಕಹಳಿ ಬಾಯಿಗಿ ಕೈ ಮುಚ್ಚಿದ್ರ ಹೆಂಗ ಊದತದ ಬೇಟಿ? ಬಾಯಿ ಈ ಕಡಿ ತಿರಗಸು."

ತಿರುಗಿಸುವುದು ಬಾಯಲ್ಲಿ ಹೇಳಿದಷ್ಟು ಸಲೀಸಲ್ಲ. ತುದಿಯನ್ನು ಮೇಲಿನ ಅಂಚಿನ ನಡುಮಧ್ಯಕ್ಕೆ ತಂದರೆ ಸಾವಿರದ ಎಂಟುನೂರು ಮತ್ತೆ ಮುನಿಸಿಕೊಂಡಿತು. ಸೀಳು ಉದ್ದ ಮಾಡಿದರೆ ಒಂಬೈನೂರು ಕುಸಿಯಿತು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು ತಗಡು ಕೆಟ್ಟವು. ಹದಿಮೂರನೆಯದಕ್ಕೆ ಎರಡು ಸೀಳು, ಒಂದು ಮಡಿಕೆ. ಮಾರ್ಚ್ ಹದಿನೆಂಟರಂದು ದಸ್ತಗೀರ ಬೆಸುಗೆ ಹಾಕಿ, ಊದಿ ಆರಿಸಿ, ತಾನೇ ಎಡಗೈಯಲ್ಲಿ ಹಿಡಿದು ನೋಡಿದ. ನಾಲ್ಕು. ಬಲಗೈಯಲ್ಲಿ, ನಾಲ್ಕು. ಆದರೆ ಅವನದು ಸಣ್ಣ ಕೈ. ಚೌಡೇಶ ಮದುವೆ ಚಿಂತೆಯಲ್ಲಿ ಜ್ವರ ಹಿಡಿದು ದಂಡೋತಿಯಲ್ಲಿ ಮಲಗಿದ್ದ. ಇಪ್ಪತ್ತನೇ ತಾರೀಖಿನವರೆಗೆ ಅವನ ಕೈಯಲ್ಲಿ ಪರೀಕ್ಷೆ ಮಾಡುವ ಯೋಗ ಅವಳಿಗೆ ಬರಲಿಲ್ಲ.

ಇಪ್ಪತ್ತರ ಬೆಳಿಗ್ಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಹೈದರಾಬಾದಿನ ಪರೀಕ್ಷಕರು ಕೂತಿದ್ದರು. ಕನ್ನಡ ಪೂರಾ ಬಾರದ, ತೆಲುಗು ಬೆರೆಸಿ ಮಾತಾಡುವ ಸಣಕಲು ಮನುಷ್ಯ. ಪಕ್ಕದಲ್ಲಿ ವಿಠ್ಠಲರಾಯರು. ಬಾಗಿಲ ಬಳಿ, ಪರೀಕ್ಷೆಗೆ ಸಂಬಂಧವಿಲ್ಲದ ಮೂವರು: ಭೀಮಮ್ಮ, ಜ್ವರ ಬಿಟ್ಟು ಸೊರಗಿದ ಚೌಡೇಶ, ಬಿಳಿ ಟೋಪಿಯ ತಮ್ಮಣ್ಣ. ರಾಯರು ಇವರನ್ನು ಏನೆಂದು ಪರಿಚಯಿಸಬೇಕೋ ತಿಳಿಯದೆ "ಕ್ಷೇತ್ರ ಕಾರ್ಯದವರು" ಎಂದುಬಿಟ್ಟರು.

ಪರೀಕ್ಷಕರು ಶ್ರೀವಾಣಿಯ ಕೈಗಳ ಪಟ್ಟಿಯನ್ನು ಮೊದಲಿನಿಂದ ಕಡೆಯವರೆಗೆ ಓದಿದರು. ಬೆರಳು ತೊಂಬತ್ತೊಂದರ ಮೇಲೆ ನಿಂತಿತು.

"ಟೇಬಲ್ ಬಾಗುಂದಿ, ಚೆನ್ನಾಗಿದೆ. ಆದ್ರೆ ಈ ಚೆಯ್ಯಿ? ಒಂದೇ ಕಡ್ಡಿ. ಈ ಕೈ ಎಲ್ಲಿ?"

"ಇಲ್ಲೇ ಅದಾರ ಸರ್," ಎಂದು ಶ್ರೀವಾಣಿ ಚೌಡೇಶನನ್ನು ಕರೆದಳು. ಅವಳ ಅಂಗೈಯೇ ಒದ್ದೆಯಾಗಿತ್ತು. ಫೋನು ಕೊಟ್ಟು ಮೆಲ್ಲಗೆ, "ಹೆಂಗ ರೂಢಿ ಅದನೋ ಹಂಗ ಹಿಡೀರಿ," ಎಂದಳು.

ಚೌಡೇಶ ಒಮ್ಮೆ ತಮ್ಮಣ್ಣನ ಕಡೆ ನೋಡಿದ. ಒಮ್ಮೆ ತಾಯಿಯ ಕಡೆ ನೋಡಿದ. ಆಮೇಲೆ ಎಡಗೈ ಚಾಚಿದ.

ಎರಡು ಕಡ್ಡಿ ಬಂದವು. ಮೂರಾಯಿತು. ನಾಲ್ಕು. ಶ್ರೀವಾಣಿ ಸಿಮ್ಮು ಬದಲಿಸಿ ಮತ್ತೆ ಕೊಟ್ಟಳು. ಅದರಲ್ಲೂ ನಾಲ್ಕು ನೆಟ್ಟಗೆ ನಿಂತವು. ಭೀಮಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡಳು.

ತಮ್ಮಣ್ಣ ಕೆಮ್ಮಿದ. "ನಾಕ ಅದಾವ, ಖರೇ. ಆದ್ರ ಅದು ಯಾ ಕೈ? ಎಡಗೈ! ಭೀಮಮ್ಮ, ನಿನ್ ಮಗ ಎಡಚ ಅಂತ ನಮಗ್ಯಾಕ ಹೇಳಲಿಲ್ಲ?"

ಒಂದು ಹಳ್ಳದಿಂದ ಎದ್ದು ಇನ್ನೊಂದಕ್ಕೆ ಬಿದ್ದ ಹಾಗಾಯಿತು ಶ್ರೀವಾಣಿಗೆ. ಪರೀಕ್ಷಕರಿಗೆ ಇದಾವುದೂ ತಿಳಿಯಲಿಲ್ಲ. ಅವರಿಗೆ ಬೇಕಾದದ್ದು ಬೇರೆ. "ಕಡ್ಡಿ ಸುಳ್ಳು ಹೇಳುತ್ತೆ. ಮಾತು ಬರಬೇಕು. ಕಾಲ್ ಮಾಡು. ಸ್ಪೀಕರ್ ಹಾಕು," ಎಂದರು ಚೌಡೇಶನಿಗೆ.

ಚೌಡೇಶನಿಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು. ಅದನ್ನೇ ಒತ್ತಿದ. ಎರಡು ಸಲ ಗಂಟೆಯಾಯಿತು.

"ಹಲೋ, ಕುರಕುಂಟಾ ಅಮೀರ್ಬೀ ಎಸ್ಟಿಡಿ."

"ಆಪಾ, ನಾನ್ರಿ ಚೌಡೇಶ. ಶ್ರುತಿ ಅದಾಳೇನು?"

"ಇವತ್ತ ಐತವಾರ ಅಲ್ಲಲ್ಲೋ?" ಎಂದಿತು ಅಮೀರ್ಬೀಯ ದನಿ, ಪ್ರಯೋಗಾಲಯದ ನಾಲ್ಕು ಗೋಡೆಗೂ ಸ್ಪಷ್ಟವಾಗಿ. "ತಡಿ, ಇಲ್ಲೇ ಕುಂತಾಳ."

ತಮ್ಮಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಗಳು ಕದ್ದು ಮಾತಾಡಿದ ಐತವಾರಗಳ ಲೆಕ್ಕ ಅವನ ಮುಖದ ಮೇಲೆ ಓಡುತ್ತಿತ್ತು.

"ಏನಾಯ್ತು?" ಎಂದು ಶ್ರುತಿಯ ದನಿ ಬಂತು. "ಅಪ್ಪ ಬಂದಾನಲ್ಲ ನಿನ್ನ ಕಡ್ಡಿ ಎಣಸಲಿಕ್ಕ?"

"ಬಂದಾರ. ನಾಕ್ ಬಂದಾವ."

"ಮತ್ತ್ಯಾಕ ಅಳೋ ದನಿ?"

"ಎಡಗೈಯಾಗ ಹಿಡದಿದ್ದೆ. ನೋಡಿಬಿಟ್ರು."

ಆ ಕಡೆಯಿಂದ ನಗು ಕೇಳಿಸಿತು. ಒಂದು ಚೂರೂ ಗೊರಗೊರ ಇಲ್ಲ, ಪಕ್ಕದಲ್ಲೇ ನಿಂತು ನಕ್ಕಂತೆ. "ನೀ ಎಡಚ ಅನ್ನೋದು ನಮ್ಮನಿಗಿ ಬಂದ ದಿನಾನೇ ನೋಡೀನಿ, ಚಾ ಕಪ್ ಯಾ ಕೈಲೆ ತಗೊಂಡಿ ಅಂತ. ಕಡ್ಡಿ ಎಣಸಿ ಲಗ್ನ ಆಗೋದಿದ್ರ ನಾ ಟವರ್ನ ಲಗ್ನ ಆಗ್ತಿದ್ದೆ. ಒಂದೂ ಕಡ್ಡಿ ಇಲ್ಲಂದ್ರೂ, ನಾ ಹಿಡಿಯೋದು ಅದ ಕೈ. ಅಪ್ಪಗ ಹೇಳು."

ಹೇಳುವ ಅಗತ್ಯವಿರಲಿಲ್ಲ. ಪರೀಕ್ಷಕರು ಶ್ರೀವಾಣಿಯ ಕಡೆ ಬಗ್ಗಿ, ಹುಡುಗಿ ಏನಂದಳೆಂದು ಕೇಳಿದರು. ಶ್ರೀವಾಣಿ ಅರ್ಧ ಮಾತ್ರ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ದನಿ ಬಹಳ ನಿಚ್ಚಳವಾಗಿದೆ ಎಂದು ಬರೆದು ಕೆಳಗೆ ಸಹಿ ಹಾಕಿದರು. ಐದು ವರ್ಷ ಕಾದ ಸಹಿ ಅದು. ಶ್ರೀವಾಣಿ ಅದನ್ನು ನೋಡಲೇ ಇಲ್ಲ. ಅವಳು ತಮ್ಮಣ್ಣನನ್ನು ನೋಡುತ್ತಿದ್ದಳು.

ತಮ್ಮಣ್ಣ ಟೋಪಿ ಮತ್ತೆ ಹಾಕಿಕೊಂಡ. ಈ ಸಲ ಕೆಮ್ಮಲಿಲ್ಲ. ಫೋನಿನ ಹತ್ತಿರ ಬಾಯಿ ತಂದು, "ತಂಗೀ, ಫೋನ್ ಇಡವಾ. ಮಂದಿ ಕೇಳಾಕತ್ತಾರ," ಎಂದ. ಆಮೇಲೆ ಭೀಮಮ್ಮನ ಕಡೆ ತಿರುಗಿ, "ನಡೀರಿ ಬೀಗ್ತೀ, ಗಾಡಿ ಹೊತ್ತಾಯ್ತು. ಲಗ್ನದ ತಾರೀಖ ಗಾಡ್ಯಾಗ ಮಾತಾಡೂಣು," ಎಂದ.

ಚೌಡೇಶ ಇನ್ನೂ ಎಡಗೈಯಲ್ಲಿ ಫೋನು ಹಿಡಿದೇ ನಿಂತಿದ್ದ. ನಾಲ್ಕು ಕಡ್ಡಿಯೂ ಇದ್ದವು. ಅವನ್ನು ಈಗ ಯಾರೂ ಎಣಿಸುತ್ತಿರಲಿಲ್ಲ.